ದಿಬ್ಬದ ಕೇರಿಯ ಕಂಬಿ

ಇವತ್ತು ಹೇಳಿಯೇ ತೀರಬೇಕು ಎಂದು ಮನೆಯಿಂದ ಹೊರಟ ತಿಪ್ಪೇಶಪ್ಪ, ನ್ಯಾಮತಿಯ ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಇವತ್ತಂತೂ ಹೇಳುವುದು ಬೇಡ ಎಂಬಲ್ಲಿಗೆ ಬಂದಿದ್ದ. ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ತರಿಸಿಕೊಂಡಾಗ ಮತ್ತೆ ಹೇಳಬೇಕೆನ್ನಿಸಿತು. ಬುಧವಾರದಿಂದ ಈ ಭಾನುವಾರದವರೆಗೂ ಹೀಗೇ. ಸುದ್ದಿ ಹೊಟ್ಟೆಯಲ್ಲಿ ಇರುತ್ತದೆ ಎನ್ನುತ್ತಾರಲ್ಲ, ಸುಳ್ಳು. ಅದು ನಾಲಗೆಯ ಕೆಳಗೇ ಇರುತ್ತದೆ, ಬೆಂದ ಅವರೆಕಾಳಿನ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ. ಗುರುವಾರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದವನು, ಹೊನ್ನಾಳಿಗೆ ಟ್ರಂಕ್‌ಕಾಲ್ ಕೇಳಿದ ಯಾರಿಗೋ "ಕಂಬಿ ಸಿಕ್ಕೈತ್ರಿ" ಅಂದುಬಿಟ್ಟಿದ್ದ. ಆ ಕಡೆಯವರು ಮನೆ ಕಟ್ಟಿಸುತ್ತಿದ್ದವರಿರಬೇಕು, ಟನ್ನಿಗೆ ಏನು ರೇಟು ಎಂದು ವಿಚಾರಿಸಿದ್ದರು. ನಲವತ್ತರ ವಯಸ್ಸಿನ, ಸರ್ಕಾರಿ ಸಂಬಳದ, ಎರಡು ಮಕ್ಕಳ ತಂದೆ ತಾನು, ಹೀಗೆ ಒಳಗೊಳಗೇ ಕುಣಿಯುವುದು ಸರಿಯೇ ಎಂದು ಕೇಳಿಕೊಂಡ. ಸರಿಯಲ್ಲ ಅನ್ನಿಸಿತು. ಆದರೂ ಮೇಜಿನ ಕೆಳಗೆ ಅವನ ಎಡಗಾಲು ತನ್ನಷ್ಟಕ್ಕೆ ತಾಳ ಹಾಕುತ್ತಲೇ ಇತ್ತು.

ರೈಲು ಹುಚ್ಚರು ಎಂದು ಊರವರು ಹೆಸರಿಟ್ಟಿದ್ದು ಈ ಮೂವರಿಗೆ: ಜವಳಿ ಅಂಗಡಿಯ ಜಯದೇವಪ್ಪ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಗಿಡ್ಡಪ್ಪ, ಎಕ್ಸ್‌ಚೇಂಜಿನ ತಿಪ್ಪೇಶಪ್ಪ. ಸವಳಂಗದ ಕಾಡಿನಿಂದ ಗೋವಿನಕೋವಿಯ ಹೊಳೆದಂಡೆಯವರೆಗೆ ಒಂದು ಕಾಲದಲ್ಲಿ ಪುಟ್ಟ ರೈಲೊಂದು ಓಡುತ್ತಿತ್ತು. ದಿಮ್ಮಿ ಸಾಗಿಸಲು ಹಾಕಿದ ಹಳಿ. ದಿಮ್ಮಿಯ ಡಬ್ಬಿಗಳ ಹಿಂದೆ ಜನಕ್ಕೆಂದು ಎರಡು ಡಬ್ಬಿ. ಲಡಾಯಿಯ ಕಾಲದಲ್ಲಿ ಕಬ್ಬಿಣ ಬೇಕೆಂದು ಕಂಬಿಗಳನ್ನು ಕಿತ್ತುಕೊಂಡು ಹೋದರು, ಅಲ್ಲಿಗೆ ಮುಗಿಯಿತು. ಈಗ ಈ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅದು ಎಲ್ಲಿ ಹಾದುಹೋಗುತ್ತಿತ್ತು ಎಂದು ಕೇಳಿದರೆ ಒಬ್ಬರು ಮೂಡಣಕ್ಕೆ ಕೈ ತೋರಿಸಿದರೆ ಇನ್ನೊಬ್ಬರು ಪಡುವಣಕ್ಕೆ ತೋರಿಸುತ್ತಿದ್ದರು. ಎರಡು ವರ್ಷದಿಂದ ಪ್ರತಿ ಭಾನುವಾರ ಮೂವರೂ ಆ ದಾರಿ ಹುಡುಕುತ್ತ ಅಲೆಯುತ್ತಿದ್ದರು. ಜಯದೇವಪ್ಪ ಹುಡುಗನಾಗಿದ್ದಾಗ ತಾತನ ತೊಡೆಯ ಮೇಲೆ ಕೂತು ಅದರಲ್ಲಿ ಹೋಗಿದ್ದರು. ಗಿಡ್ಡಪ್ಪ ಮೇಷ್ಟ್ರು ದನ ಕಾಯುತ್ತ ದೂರದಿಂದ ಹೊಗೆ ನೋಡಿದ್ದರು. ತಿಪ್ಪೇಶಪ್ಪನಿಗೆ ಮಾತ್ರ ಏನೂ ಇರಲಿಲ್ಲ. ಕಂಬಿ ಕಿತ್ತಾಗ ಅವನಿಗೆ ಮೂರು ವರ್ಷ. "ಪಾಪ, ನೀವು ಹುಟ್ಟೋದು ತಡ ಆತು ಬಿಡ್ರಿ" ಎಂದು ಜಯದೇವಪ್ಪ ಪ್ರತಿ ಭಾನುವಾರ ಒಮ್ಮೆಯಾದರೂ ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಆದರೂ ಆ ಮಾತು ಬಂದಾಗಲೆಲ್ಲ ಮದುವೆ ಊಟದಲ್ಲಿ ಎಲೆ ಸಾಲದೆ ನಿಂತವನ ಹಾಗೆ ಅವನಿಗೆ ಕೈ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಬುಧವಾರ ರಜೆ ಹಾಕಿ ಅವ್ವನನ್ನು ನೋಡಲು ಹೋಗಿದ್ದ. ಅವ್ವ ಉಚ್ಚಂಗಮ್ಮ ಸವಳಂಗದ ದಾರಿಯ ದಿಬ್ಬದ ಕೇರಿಯಲ್ಲಿ ಇರುವವಳು. ನ್ಯಾಮತಿಯ ಬಾಡಿಗೆ ಮನೆಗೆ ಬಾ ಎಂದರೆ ಎಮ್ಮೆಯ ನೆಪ ಹೇಳುವವಳು. ಅವನು ಹೋದಾಗ ಎಮ್ಮೆ ಕಟ್ಟುತ್ತಿದ್ದಳು. ಅವನು ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅದೇ ಗೂಟ, ಸೊಂಟದೆತ್ತರದ ಕಬ್ಬಿಣದ ಗೂಟ. ಅದಕ್ಕೆ ಹಣೆ ಬಡಿದುಕೊಂಡು ಆದ ಗಾಯ ಇನ್ನೂ ಹುಬ್ಬಿನ ಮೇಲಿತ್ತು. ಎಮ್ಮೆ ಮೈ ತಿಕ್ಕಿ ತಿಕ್ಕಿ ಅದರ ಒಂದು ಮಗ್ಗುಲು ಫಳಫಳ ಹೊಳೆಯುತ್ತಿತ್ತು. ಆ ಹೊಳಪಿನ ಕಡೆ ಕಣ್ಣು ಹೋಯಿತು, ಹೋಗಿದ್ದು ಅಲ್ಲೇ ನಿಂತಿತು. ಮೇಲೆ ದಪ್ಪ ತಲೆ, ನಡುವೆ ತೆಳ್ಳನೆಯ ಕುತ್ತಿಗೆ, ಕೆಳಗೆ ಅಗಲ ಪಾದ. ಎರಡು ವರ್ಷದಿಂದ ಗಿಡ್ಡಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ತೋರಿಸುತ್ತಿದ್ದ ಆಕಾರ. "ಅವ್ವ, ಇದು ಏನಿದು" ಎಂದ. "ಏನು ಅಂದ್ರೆ? ಗೂಟ" ಎಂದಳು ಅವ್ವ. "ರೈಲಿನ ಕಂಬಿ ಕಣೋ. ಕಿತ್ಕಂಡು ಹೋಗೋವಾಗ ನಿಮ್ಮಪ್ಪ ಒಂದು ತುಂಡು ಮಣ್ಣಾಗೆ ಮುಚ್ಚಿಟ್ಟಿದ್ದ. ಈ ಕೇರಿ ಕುಂತಿರೋದೇ ರೈಲಿನ ದಿಬ್ಬದ ಮ್ಯಾಗೆ. ಮುಂಚೆ ನಾವು ಕೆಳಗೆ ಇದ್ದಿದ್ದು, ಕೆರೆ ಕೋಡಿ ಬಿದ್ರೆ ಗುಡಿಸಲಾಗೆ ನೀರು. ರೈಲು ಹೋತಲ್ಲ, ದಿಬ್ಬ ಯಾರ್ದೂ ಅಲ್ಲ ಅಂತ ಎಲ್ರೂ ಮ್ಯಾಲೆ ಹತ್ತಿದ್ವಿ." ತಿಪ್ಪೇಶಪ್ಪ ಬೀದಿಗೆ ಇಳಿದು ನೋಡಿದ. ಮನೆಗಳೆಲ್ಲ ಒಂದೇ ಸಾಲು. ಹಿಂದೆ ಮುಂದೆ ಇಳಿಜಾರು. ಸಾಲು ಕೊನೆಯಲ್ಲಿ ಮೆಲ್ಲಗೆ, ಎಷ್ಟು ಮೆಲ್ಲಗೆಂದರೆ ಇಷ್ಟು ವರ್ಷ ಅವನಿಗೇ ಕಾಣದಷ್ಟು ಮೆಲ್ಲಗೆ, ಎಡಕ್ಕೆ ಬಾಗಿತ್ತು. ಎತ್ತಿನ ಗಾಡಿಯ ದಾರಿ ಹಾಗೆ ಬಾಗುವುದಿಲ್ಲ. ಹಾಗೆ ಬಾಗುವುದು ರೈಲು ಮಾತ್ರ. ತಾನು ಅಂಬೆಗಾಲಿಟ್ಟದ್ದು, ಗೋಲಿ ಆಡಿದ್ದು, ಮದುವೆಯಾಗಿ ಹೆಂಡತಿಯನ್ನು ಕರೆತಂದದ್ದು ಎಲ್ಲ ಆ ಹಳಿಯ ಮೇಲೇ! ಅವನಿಗೆ ಕುಣಿಯಬೇಕೆನ್ನಿಸಿತು. ಪಕ್ಕದ ಮನೆಯ ಭೀಮಕ್ಕ ಮೊರ ಹಿಡಿದು ನೋಡುತ್ತಿದ್ದಳೆಂದು ಬರೀ ಕೆಮ್ಮಿದ.

"ಮತ್ತೆ ನೀನು ಹುಟ್ಟಿದಾಗ ಎರೆದದ್ದೂ ಇಂಜಿನ್ ನೀರೇ" ಎಂದಳು ಅವ್ವ ಒಳಗಿನಿಂದ. ಇಂಜಿನ್ನು ಈ ಕೇರಿಯ ಬಾವಿಯ ಹತ್ತಿರ ನಿಲ್ಲುತ್ತಿತ್ತಂತೆ. ಕೇರಿಯ ಹೆಂಗಸರು ಸಾಲಾಗಿ ನಿಂತು ಬಾವಿಯಿಂದ ಕೊಡದ ಮೇಲೆ ಕೊಡ ಸಾಗಿಸಿ ಅದರ ತೊಟ್ಟಿ ತುಂಬಿಸಬೇಕು. ಅದಕ್ಕೆ ಬದಲಾಗಿ ಇಂಜಿನ್ ಓಡಿಸುವ ಸಾಬರು ಬಾಣಂತಿ ಇರುವ ಮನೆಗೆ ಎರಡು ಕೊಡ ಬಿಸಿನೀರು ಬಿಡುತ್ತಿದ್ದರು. ತಣ್ಣೀರು ಕೊಟ್ಟು ಬಿಸಿನೀರು ತರುವುದು. ಸೌದೆ ಉಳಿಯುತ್ತಿತ್ತು, ಮಕ್ಕಳು ಕೆಂಪಗಾಗುತ್ತಿದ್ದವು. ಅದರಲ್ಲಿ ಹೋಗಿದ್ದೇನೆ, ಅದರ ಹೊಗೆ ನೋಡಿದ್ದೇನೆ ಎನ್ನುವ ಗೆಳೆಯರು ಅವನ ಕಣ್ಣ ಮುಂದೆ ಬಂದರು. ನಾನು ಅದರಲ್ಲಿ ಮಿಂದಿದ್ದೇನೆ ಎಂದು ಹೇಳಿದರೆ ಜಯದೇವಪ್ಪನವರ ಮುಖ ಹೇಗಾಗಬಹುದು! ನಗು ಬಂತು. ಆ ನಗು ಪೂರ್ತಿ ಅರಳುವ ಮೊದಲೇ ಇನ್ನೊಂದು ನೆನಪಾಯಿತು. ಜಯದೇವಪ್ಪನವರ ಕಿಟಕಿಯ ಕಥೆ.

ಆ ಕಥೆಯನ್ನು ಅವರು ನೂರು ಸಲವಾದರೂ ಹೇಳಿದ್ದಾರು. ರೈಲು ಒಂದು ಕಡೆ ಬಯಲಿನಲ್ಲಿ ಸುಮ್ಮನೆ ನಿಲ್ಲುತ್ತಿತ್ತಂತೆ. ಸ್ಟೇಷನ್ನಿಲ್ಲ, ಊರಿಲ್ಲ. ನಿಲ್ಲುತ್ತಲೇ ತಾತ ಕಿಟಕಿಯ ಹಲಗೆಯನ್ನು ದಡಕ್ಕನೆ ಇಳಿಸಿಬಿಡುತ್ತಿದ್ದರಂತೆ, ಎಷ್ಟು ಅತ್ತರೂ ತೆಗೆಯುತ್ತಿರಲಿಲ್ಲವಂತೆ. ಯಾಕಿರಬಹುದು? ಮಸಿ ಬರುತ್ತದೆಂದು ಗಿಡ್ಡಪ್ಪ ಮೇಷ್ಟ್ರ ಊಹೆ. ಕಳ್ಳರ ಭಯವೆಂದು ತಿಪ್ಪೇಶಪ್ಪನೇ ಒಮ್ಮೆ ಹೇಳಿದ್ದ. ಮೂವರೂ ಆ ಬಗ್ಗೆ ಒಂದಿಡೀ ಭಾನುವಾರ ವಾದ ಮಾಡಿದ್ದರು. ಈಗ ಗೊತ್ತಾಯಿತು. ಹಲಗೆಯ ಆಚೆ ಕೊಡ ಹೊತ್ತು ನಿಂತವರ ಸಾಲಿನಲ್ಲಿ ಅವ್ವನೂ ಇದ್ದಳು. ಜಯದೇವಪ್ಪನವರಿಗೆ ಅವನು ಯಾರೆಂದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದೇ ಅವರ ಒಳ್ಳೆಯತನ. ಎರಡು ವರ್ಷದಲ್ಲಿ ಅವರು ಅವನ ಮನೆಗೆ ಬಂದಿರಲಿಲ್ಲ, ಅವನು ಅಂಗಡಿಯ ಗಲ್ಲಾಪೆಟ್ಟಿಗೆಯ ಆಚೆ ಅವರ ಮನೆಯೊಳಗೆ ಹೋಗಿರಲಿಲ್ಲ. ಅವರದು ಬಯಲಿನ ಸ್ನೇಹ. ಬಯಲಿನಲ್ಲಿ ಅದು ಎಷ್ಟು ಚೆನ್ನಾಗಿತ್ತೆಂದರೆ ಆ ಒಂದು ಭಾನುವಾರಕ್ಕಾಗಿ ಅವನು ಆರು ದಿನ ಇಡೀ ಊರಿನ ಹಲೋಗಳನ್ನು ಸಹಿಸಿಕೊಳ್ಳುತ್ತಿದ್ದ. ಕಂಬಿ ಸಿಕ್ಕಿತೆಂದು ಹೇಳಿದರೆ ಅವರನ್ನು ಕೇರಿಗೆ ಕರೆದುಕೊಂಡು ಹೋಗಬೇಕು. ಅವ್ವ ಚೊಂಬಿನಲ್ಲಿ ನೀರು ತರುತ್ತಾಳೆ. ಆಮೇಲೆ ಒಂದು ಕ್ಷಣ ಇರುತ್ತದೆ. ಆ ಕ್ಷಣವನ್ನು ತಿಪ್ಪೇಶಪ್ಪ ಬದುಕಿನಲ್ಲಿ ಹಲವು ಸಲ ಕಂಡಿದ್ದ. ಈಗಷ್ಟೇ ಕುಡಿದು ಬಂದೆ ಎನ್ನುವವರು, ಗಂಟಲು ಕಟ್ಟಿದೆ ಎನ್ನುವವರು, ಚೊಂಬು ಹಿಡಿದುಕೊಂಡೇ ಮಾತಾಡಿ ಮಾತಾಡಿ ಮೆಲ್ಲಗೆ ಜಗಲಿಯ ಮೇಲಿಡುವವರು. ಜಯದೇವಪ್ಪನವರೂ ಅವರಲ್ಲಿ ಒಬ್ಬರಾಗುವುದನ್ನು ನೋಡುವುದಕ್ಕಿಂತ ರೈಲು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಿರುವುದೇ ವಾಸಿ.

"ಏನ್ರೀ, ಚಹಾ ಆರಿ ನೀರಾತು" ಎಂದರು ಜಯದೇವಪ್ಪ. ಯಾವಾಗ ಬಂದರೋ. ಬಿಳಿ ಜುಬ್ಬಾ, ತಲೆಗೆ ಟೋಪಿ, ಹೆಗಲಲ್ಲಿ ನೀರಿನ ಫ್ಲಾಸ್ಕು, ಐವತ್ತರ ಮುಖದಲ್ಲಿ ಹತ್ತು ವರ್ಷದ ಹುಡುಗನ ಕಣ್ಣು. ಹಿಂದೆ ಗಿಡ್ಡಪ್ಪ ಮೇಷ್ಟ್ರು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಕ್ಯಾರಿಯರಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಕಲ್ಲು. ಕಲ್ಲು ನೆಡುವುದು ಇವತ್ತೇ ಎಂಬುದು ತಿಪ್ಪೇಶಪ್ಪನಿಗೆ ಮರೆತೇಹೋಗಿತ್ತು. 'ಇಲ್ಲಿ ರೈಲು ಹೋಗುತ್ತಿತ್ತು' ಎಂದು ಮೇಷ್ಟ್ರು ತಾವೇ ಉಳಿ ಹಿಡಿದು ತಿಂಗಳುಗಟ್ಟಲೆ ಕೆತ್ತಿದ ಕಲ್ಲು ಅದು. ಅದನ್ನು ಇವತ್ತು ಏರಿಯ ಮೇಲೆ ನೆಡುವುದೆಂದು ಗೊತ್ತಾಗಿತ್ತು.

ಏರಿ ಎಂದರೆ ಅವರು ಮೂವರೂ ಎರಡು ವರ್ಷದಿಂದ ರೈಲಿನ ದಾರಿಯೆಂದು ನಂಬಿ ನಡೆದ ಏರಿ, ಕೆರೆಯ ಆ ಕಡೆಗೆ ಇರುವುದು. ಅಲ್ಲಿ ಸಿಕ್ಕ ಕರಿ ಕಿಟ್ಟವನ್ನು ಇಂಜಿನ್ನಿನ ಕಲ್ಲಿದ್ದಲೆಂದು ಜಯದೇವಪ್ಪ ಅಂಗಡಿಯ ಗಾಜಿನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮಧ್ಯೆ ಇಟ್ಟಿದ್ದರು. ಅಲ್ಲೇ ಸಿಕ್ಕ ಮೊಳೆಯೊಂದನ್ನು ಹಳಿಯ ಮೊಳೆಯೆಂದು ಮೇಷ್ಟ್ರು ಎಣ್ಣೆ ಹಚ್ಚಿ ಕಾಪಾಡಿದ್ದರು. ಬುಧವಾರ ಅವ್ವನನ್ನು ಕೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. ಅದು ಬರಗಾಲದಾಗೆ ಕೂಲಿ ಕೊಡಾಕೆ ಹಾಕ್ಸಿ ಅರ್ಧಕ್ಕೆ ಬಿಟ್ಟ ಏರಿ ಕಣೋ, ನಾನೇ ಮಣ್ಣು ಹೊತ್ತೀನಿ, ಆ ಕಿಟ್ಟ ಆಲೆಮನೆ ಒಲೆದು, ಆ ಮೊಳೆ ಗಾಡಿ ಗಾಲಿದು ಎಂದಿದ್ದಳು. ಕೆರೆ ಎಡಕ್ಕೆ ಇತ್ತೆಂಬ ಜಯದೇವಪ್ಪನವರ ನೆನಪೊಂದನ್ನು ನಂಬಿ ಮೂವರು ದೊಡ್ಡವರು ಎರಡು ವರ್ಷ ಬೆಲ್ಲದ ಒಲೆಯ ಕಿಟ್ಟ ಪೂಜಿಸಿದ್ದರು. ಕೆರೆ ಎಡಕ್ಕೇ ಇತ್ತು, ನಿಜ. ಆದರೆ ಅವರು ಕೂತಿದ್ದದ್ದು ಹೊಳೆ ಕಡೆಗೆ ಹೋಗುವ ಗಾಡಿಯಲ್ಲಲ್ಲ, ಹೊಳೆ ಕಡೆಯಿಂದ ಬರುವ ಗಾಡಿಯಲ್ಲಿ.

ಏರಿಯ ಮೇಲೆ ಬಿಸಿಲು ಏರಿತ್ತು. ಹಾರೆ ಹಿಡಿದ ಜಯದೇವಪ್ಪ ಕೂಲಿಯವನನ್ನು ಕರೆಯಬಾರದೆಂದು ಹಟ ಹಿಡಿದು ತಾವೇ ಗುಂಡಿ ತೋಡುತ್ತಿದ್ದರು. ತೋಡುತ್ತ ಹಾಡಿನಂತೆ ಹೇಳುತ್ತಿದ್ದರು, ಡಬ್ಬಿಯ ಬಣ್ಣ, ಬೆಂಚಿನ ಮೊಳೆ, ತಾತನ ನಶ್ಯದ ವಾಸನೆ, ತಿರುವಿನಲ್ಲಿ ಡಬ್ಬಿ ವಾಲಿದಾಗ ಹೊಟ್ಟೆಯೊಳಗೆ ಆಗುತ್ತಿದ್ದ ಕಚಗುಳಿ. ಮೇಷ್ಟ್ರು ಬಾಯಿಂದಲೇ ಹೊಗೆ ಬಿಟ್ಟು ತೋರಿಸುತ್ತಿದ್ದರು. ಬೇರೆ ದಿನವಾಗಿದ್ದರೆ ತಿಪ್ಪೇಶಪ್ಪನೂ ಚಕ್ರದ ಸದ್ದು ಮಾಡುತ್ತಿದ್ದ. ದಿನವಿಡೀ ಕಿವಿಯಿಂದಲೇ ದುಡಿಯುವ ಅವನಿಗೆ ಸದ್ದು ಚೆನ್ನಾಗಿ ಬರುತ್ತಿತ್ತು. ಇವತ್ತು ಅವನ ಕಣ್ಣು ಕೆರೆಯಾಚೆ ಹೋಯಿತು. ಅಲ್ಲಿ ದಿಬ್ಬದ ಕೇರಿಯ ಹೆಂಚುಗಳು ಕಾಣುತ್ತಿದ್ದವು, ಮೆಲ್ಲಗೆ ಬಾಗಿ. ಇಲ್ಲಿಂದ ನೋಡಿದರೆ ನಿಂತ ರೈಲೇ. ಇವರಿಬ್ಬರಿಗೂ ಅದು ಕಾಣುವುದಿಲ್ಲವಲ್ಲ, ಎರಡು ವರ್ಷದಿಂದ ಅದರ ಎದುರಿಗೇ ಕೂತು ಪುರಿ ತಿಂದಿದ್ದೇವಲ್ಲ ಎಂದು ನಗುವೂ ಸಂಕಟವೂ ಒಟ್ಟಿಗೆ ಬಂದವು.

ಜಯದೇವಪ್ಪ ಸುಸ್ತಾಗಿ ಫ್ಲಾಸ್ಕು ತೆಗೆದರು. ಮುಚ್ಚಳದ ಲೋಟದಲ್ಲಿ ತಾವು ಕುಡಿದರು, ಮೇಷ್ಟ್ರಿಗೆ ಕೊಟ್ಟರು. ತಿಪ್ಪೇಶಪ್ಪನ ಸರದಿ ಬಂದಾಗ ಎಂದಿನಂತೆ ಅವನ ಎರಡೂ ಕೈ ತಾವಾಗಿ ಬೊಗಸೆಯಾದವು. ಮೊದಲ ಭಾನುವಾರ ಹಾಗೆ ಮಾಡಿದಾಗ ಜಯದೇವಪ್ಪ "ಅಯ್ಯ, ಲೋಟದಾಗೇ ಕುಡೀರಿ" ಅಂದಿದ್ದರು. ನನಗೆ ಇದೇ ರೂಢಿ ಎಂದು ಅವನು ಅಂದಿದ್ದ. ಅವರು ಎರಡನೆಯ ಸಲ ಒತ್ತಾಯಿಸಲಿಲ್ಲ. ಆ ಎರಡನೆಯ ಸಲಕ್ಕಾಗಿ ಅವನು ಎರಡು ವರ್ಷ ಕಾದಿದ್ದಾನೆಂಬುದು ಅವನಿಗೇ ಆಗ, ಆ ಬಿಸಿಲಿನಲ್ಲಿ ಹೊಳೆಯಿತು. ಬೊಗಸೆ ಬಿಡಿಸಿ ಕೈ ಕೆಳಗಿಳಿಸಿದ. ಬೇಡ ಎಂದ. ಗುಂಡಿ ಸಾಕಷ್ಟು ಆಳವಾಗಿತ್ತು. ಮೇಷ್ಟ್ರು ಗೋಣಿಚೀಲ ಬಿಚ್ಚಿದರು. ಒಂದೊಂದು ಅಕ್ಷರವೂ ಎಷ್ಟು ಮುದ್ದಾಗಿತ್ತೆಂದರೆ, ಅದು ಸುಳ್ಳಿನ ಮೇಲೆ ನಿಲ್ಲುವುದನ್ನು ಅವನಿಂದ ನೋಡಲಾಗಲಿಲ್ಲ. ಧೈರ್ಯವೇನೂ ಅಲ್ಲ, ಸೀನು ಬಂದ ಹಾಗೆ ಬಂದುಬಿಟ್ಟಿತು.

"ಇಲ್ಲಲ್ಲ ಸಾವ್ಕಾರ್ರೆ. ರೈಲು ಹೋಗ್ತಿದ್ದದ್ದು ಅಲ್ಲಿ."

ಅವನ ಬೆರಳು ತೋರಿಸಿದ ಕಡೆ ಇಬ್ಬರೂ ನೋಡಿದರು.

"ಕಂಬಿ ಐತೆ. ನಮ್ಮವ್ವ ಅದಕ್ಕೆ ಎಮ್ಮೆ ಕಟ್ತಾಳೆ."

ಆಮೇಲೆ ಆದದ್ದು ಅವನಿಗೆ ಸರಿಯಾಗಿ ನೆನಪಿಲ್ಲ. ಜಯದೇವಪ್ಪ ಹಾರೆ ಬಿಟ್ಟು ಕೆರೆಯಂಗಳಕ್ಕೆ ಇಳಿದದ್ದು, ಪಂಚೆ ಎತ್ತಿಕಟ್ಟಿ ಕೆಸರಿನಲ್ಲಿ ಓಡಿದ್ದು, ಒಂದು ಚಪ್ಪಲಿ ಅಲ್ಲೇ ಹೂತುಹೋದದ್ದು, ಮೇಷ್ಟ್ರು ಕಲ್ಲನ್ನು ಮತ್ತೆ ಸೈಕಲ್ಲಿಗೇರಿಸಿ ಸುತ್ತುದಾರಿಯಲ್ಲಿ ಗಂಟೆ ಬಾರಿಸುತ್ತ ಬಂದದ್ದು, ತಾನು ಓಡುತ್ತ ಓಡುತ್ತ ಬೆಲ್ಲದ ಕಿಟ್ಟದ ಕಥೆಯನ್ನೂ ಹೇಳಿದ್ದು, ಜಯದೇವಪ್ಪ ಅದಕ್ಕೆ ಬೇಸರಪಡದೆ ಹೊಟ್ಟೆ ಹಿಡಿದು ನಕ್ಕದ್ದು. ಕೇರಿಯ ದಿಬ್ಬ ಹತ್ತಿದಾಗ ಅವರು ಒಂಟಿ ಚಪ್ಪಲಿಯಲ್ಲೇ ನಿಂತು ಆ ಸಾಲಿನ ತಿರುವನ್ನು ನೋಡಿದರು. "ಇಲ್ಲೇ ಡಬ್ಬಿ ವಾಲ್ತಿತ್ತು" ಎಂದರು. "ಇಲ್ಲೇ ಕಣ್ರಿ." ಗೂಟದ ಬಳಿ ಹೋಗಿ, ಸಗಣಿ ಮೆತ್ತಿದ್ದನ್ನೂ ನೋಡದೆ ಕೆನ್ನೆ ಒತ್ತಿದರು. ಎಮ್ಮೆ ಅವರ ಟೋಪಿ ಮೂಸಿತು. ಭೀಮಕ್ಕನೂ ಕೇರಿಯ ಹೆಂಗಸರೂ ಮೊರ ಬಿಟ್ಟು ಬಂದು ನಿಂತರು. ತಿಪ್ಪೇಶಪ್ಪನಿಗೆ ತನ್ನ ಕೇರಿಯ ಬಗ್ಗೆ ಹುಟ್ಟಿದಾರಭ್ಯ ಆಗದಿದ್ದ ಹೆಮ್ಮೆ ಆಯಿತು. ಅವ್ವನನ್ನು ತೋರಿಸಿದ. ಇಂಜಿನ್ನಿಗೆ ನೀರು ಹೊತ್ತದ್ದು, ಬಾಣಂತಿ ನೀರು, ತನ್ನ ಸ್ನಾನ, ಎಲ್ಲ ಒಂದೇ ಉಸಿರಿಗೆ ಹೇಳಿದ. "ನೀನು ರೈಲಿನಾಗೆ ಮಿಂದಿದೀಯೇನೋ ಮಾರಾಯ" ಎಂದು ಜಯದೇವಪ್ಪ ಅವನ ಭುಜ ಹಿಡಿದು ಅಲ್ಲಾಡಿಸಿದರು. ಎರಡು ವರ್ಷದಲ್ಲಿ ಮೊದಲ ಸಲ ಏಕವಚನ. ಅದರ ಬಿಸಿ ಇನ್ನೂ ಭುಜದ ಮೇಲಿರುವಾಗಲೇ, ಅವರ ಕಣ್ಣು ಬಾವಿಯ ಕಡೆ ಹೋಗಿ ಅಲ್ಲೇ ನಿಂತುದನ್ನು ತಿಪ್ಪೇಶಪ್ಪ ಕಂಡ. ಅವರು ಮೆಲ್ಲಗೆ ಕೇಳಿದರು: "ಹಂಗಾದ್ರೆ ತಾತ ಕಿಟಕಿ ಮುಚ್ತಿದ್ದದ್ದು ಇಲ್ಲೇನು?"

ಮೇಷ್ಟ್ರು ಸೈಕಲ್ಲಿನ ಗಂಟೆ ಒರೆಸಿದರು. ಉಚ್ಚಂಗಮ್ಮ ಮಾತ್ರ ಸಲೀಸಾಗಿ, "ಹೂಂನ್ರಿ, ನಶ್ಯದ ಸಾವ್ಕಾರ್ರು. ಹಲಗೆ ಬಿದ್ದ ಸದ್ದಿಗೇ ಅವ್ರು ಬಂದವ್ರೆ ಅಂತ ಗೊತ್ತಾಗೋದು" ಎಂದು, ಬಾವಿಗೆ ಹೋಗಿ ಒಂದು ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. "ಇದೇ ನೀರು. ಬಿಸಿಲಾಗೆ ಓಡಿ ಬಂದೀರಿ."

ಆ ಕ್ಷಣ ಬಂದೇ ಬಂತು. ತಿಪ್ಪೇಶಪ್ಪ ನೆಲ ನೋಡಿದ, ಆದರೆ ಕಿವಿ ಅವನ ಮಾತು ಕೇಳಲಿಲ್ಲ. ಜಯದೇವಪ್ಪ ಕಟ್ಟೆಯ ಬಳಿ ಹೋದರು. "ಇದೇ ನೀರಿಂದ ಓಡ್ತಿತ್ತಾ ನಮ್ಮ ರೈಲು" ಎಂದರು. ದನಿಯಲ್ಲಿ ಭಕ್ತಿಯಿತ್ತು, ಸುಳ್ಳು ಭಕ್ತಿಯಲ್ಲ. ಹೆಗಲಿನ ಫ್ಲಾಸ್ಕು ಇಳಿಸಿ, ಒಳಗಿದ್ದ ಮನೆಯ ನೀರನ್ನು ಚೆಲ್ಲಿದರು. ಕೊಡದಿಂದ ಹನಿಯೂ ಹೊರಬೀಳದ ಹಾಗೆ ಅದರೊಳಗೆ ತುಂಬಿದರು. ಮುಚ್ಚಳ ತಿರುವಿ ತಿರುವಿ ಬಿಗಿ ಮಾಡಿದರು. "ಶೀಸೆಗೆ ಹಾಕಿ ಅಂಗಡಿ ಬೀರುನಾಗೆ ಇಡ್ತೀನಿ. ಆ ಕಿಟ್ಟ ಬಿಸಾಕಿ ಇದನ್ನ ಇಡ್ತೀನಿ. ಬಂದವ್ರೆಲ್ಲ ನೋಡ್ಲಿ" ಎಂದರು. ಕಣ್ಣು ತುಂಬಿತ್ತು. ಅವರು ಅದನ್ನು ಕುಡಿದಿಲ್ಲ ಎಂಬುದು ಅವರಿಗೇ ಹೊಳೆದಿರಲಿಲ್ಲ. ಮೇಷ್ಟ್ರಿಗೆ ಹೊಳೆದಿತ್ತು, ಅವರು ಬೇರೆ ಕಡೆ ನೋಡಿದರು. ಕುಡಿಯದೇ ಇರುವುದಕ್ಕೆ ಇಷ್ಟು ಪ್ರೀತಿಯ ದಾರಿಯೊಂದು ಇದ್ದೀತೆಂದು ತಿಪ್ಪೇಶಪ್ಪ ಎಂದೂ ಊಹಿಸಿರಲಿಲ್ಲ. ಅವಮಾನವಾಯಿತು. ಆದರೂ ಅವರ ಒಂಟಿ ಚಪ್ಪಲಿ, ಕೆನ್ನೆಯ ಸಗಣಿ ನೋಡಿದರೆ ಕೋಪ ಬರಲೊಲ್ಲದು.

ಉಚ್ಚಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಫ್ಲಾಸ್ಕನ್ನು ನೋಡಿದಳು, ಸಾವ್ಕಾರರನ್ನು ನೋಡಿದಳು.

"ಇಂಜಿನ್ನು ಇಲ್ಲೇ ನಿಂತ್ಕಂಡು ಕುಡೀತಿತ್ರಿ ಸಾವ್ಕಾರ್ರೆ" ಎಂದಳು. "ಮನೆಗೆ ಕಟ್ಟಿಸ್ಕಂಡು ಹೋಗ್ತಿರ್ಲಿಲ್ಲ."

ಮೊದಲು ನಕ್ಕವಳು ಭೀಮಕ್ಕ. ಆಮೇಲೆ ಕೇರಿಯ ಹೆಂಗಸರೆಲ್ಲ ನಕ್ಕರು, ಆಮೇಲೆ, ತಡೆಯಲಾಗದೆ, ಮೇಷ್ಟ್ರು. ಜಯದೇವಪ್ಪನವರ ಮುಖ ಕೆಂಪಾಯಿತು. ಕೈ ಫ್ಲಾಸ್ಕಿನ ಮುಚ್ಚಳದ ಮೇಲೆ ಹೋಗಿ, ತಿರುಗಿಸಲೋ ಬೇಡವೋ ಎಂದು ಅಲ್ಲೇ ನಿಂತಿತು. ಅದು ಯಾವ ಕಡೆ ತಿರುಗುತ್ತದೆ ಎಂದು ನೋಡಲು ತಿಪ್ಪೇಶಪ್ಪ ಕಾಯುತ್ತಿದ್ದ. ಕಾಯುತ್ತಿದ್ದವನಿಗೆ, ತಾನು ಬೆಳಗಿನಿಂದ ಒಂದು ಹನಿ ನೀರೂ ಕುಡಿದಿಲ್ಲವೆಂಬುದು, ಬುಧವಾರದಿಂದ ನಾಲಗೆಯ ಕೆಳಗಿದ್ದದ್ದು ಈಗ ಇಲ್ಲವೆಂಬುದು ಗೊತ್ತಾಯಿತು. ಎಷ್ಟು ಬಾಯಾರಿತ್ತು! ಅವನು ಅವರ ಕೈಯಿಂದ ಕಣ್ಣು ತೆಗೆದು, ಬೊಗಸೆ ಒಡ್ಡದೆ, ಕೊಡವನ್ನೇ ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದ. ನೀರು ಗದ್ದದಿಂದ ಇಳಿದು, ಅಂಗಿ ತೊಯ್ದು, ರೈಲು ನಿಲ್ಲುತ್ತಿದ್ದ ನೆಲದ ಮೇಲೆ ಸುರಿಯಿತು. ಹೊಟ್ಟೆ ತುಂಬಿದ ಮೇಲೆ ತಲೆಯೆತ್ತಿ, ಕೇರಿಯ ಮಕ್ಕಳೆಲ್ಲ ಬೆಚ್ಚಿ ಓಡುವಷ್ಟು ಜೋರಾಗಿ, ಅವನು ಇಂಜಿನ್ನಿನ ಕೂಗು ಹಾಕಿದ.